ಭೀಮನ ಗದೆ ಮುರಿದ ಊರುಗಳು

ಸಿನಿಮಾದಲ್ಲಿ ಗದೆ ಮುರಿದರೆ ನಿರ್ದೇಶಕರು "ಕಟ್!" ಅಂತಾರೆ. ಟೇಕ್ ಟೂ! ಮುಗೀತು. ಆದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಳ್ಳಿಯಲ್ಲಿ, ಜಾತ್ರೆಯ ರಾತ್ರಿ, ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬಂದು ಕೂತಿರುವಾಗ, ದುರ್ಯೋಧನನ ಗದೆಯ ಗುಂಡು ಕಳಚಿ ಹಾರ್ಮೋನಿಯಂ ಮಾಸ್ತರರ ತೊಡೆಗೆ ಬಿದ್ದರೆ? ಅಲ್ಲಿ ಟೇಕ್ ಟೂ ಇಲ್ಲ ಸ್ವಾಮಿ! ಮುಂದಿನ ಜಾತ್ರೆವರೆಗೂ ಆ ಹುಡುಗನ ಹೆಸರೇ "ಗುಂಡ"!

ಇದು ನಾಟಕದ ಸೀಮೆ. 1997ರಲ್ಲಿ ಗದಗ ಜಿಲ್ಲೆಯಾಗುವ ಮುಂಚೆ ಧಾರವಾಡ ಜಿಲ್ಲೆಗೆ ಸೇರಿದ್ದ ಎರೆಭೂಮಿ. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಇದೇ ರೋಣದಲ್ಲಿ. 1966ರ 'ಸಂಧ್ಯಾರಾಗ' ನೋಡಿದವರು ಅವರ ಕಂಠವನ್ನು ಮರೆತಾರೆಯೇ? ಕಂಠ ಇಲ್ಲಿಯ ನೆಲದಲ್ಲೇ ಇದೆ ಬಿಡಿ. ಕಷ್ಟವೆಲ್ಲಾ ಕಟ್ಟಿಗೆಯದು!

ಹೊಸ ನಾಟಕ ಹಿಡಿದ ಹುಡುಗರು ಮೊದಲು ಮಾಡೋದು ಗದೆ. ಹೊಲದ ಬದುವಿನಲ್ಲಿ ಜಾಲಿ ಮರ ಉಂಟು, ಕೊಡಲಿ ಉಂಟು, ಹುರುಪು ಉಂಟು. ಹತ್ತು ಇಂಚು ಅಗಲದ ಗಟ್ಟಿ ಗುಂಡು ಕೆತ್ತಿದರೆ ಅದರ ತೂಕ ಆರೇಳು ಕೆ.ಜಿ. ಮೊದಲ ಅಂಕದಲ್ಲಿ ಭೀಮ ಸಿಂಹ. ಮೂರನೇ ಅಂಕಕ್ಕೆ ತೋಳು ಎತ್ತಲಾರ. "ಏ ತಮ್ಮಾ, ಗದಾ ಹಿಡದೀಯೋ, ಹಾರಿ ಹಿಡದೀಯೋ?" ಅಂತ ಹಿಂದಿನಿಂದ ಕೂಗು!

ಗುಂಡಿಗೆ ಹಿಡಿ ಕೂಡಿಸುವುದು ಇನ್ನೊಂದು ಪಜೀತಿ. ಹಿಡಿಯ ತುದಿಗೆ ಗುಂಡಿಟ್ಟು ಮೇಲಿನಿಂದ ಒಂದು ಮೊಳೆ ಜಡಿದುಬಿಡುತ್ತಾರೆ. ಮರದ ಎಳೆಗಳು ಹುಲ್ಲಿನ ಸಿವುಡಿನ ಹಾಗೆ ಉದ್ದಕ್ಕೆ ಇರುತ್ತವೆ. ಸಿವುಡಿನ ತುದಿಯಿಂದ ಕಡ್ಡಿ ಚುಚ್ಚಿದರೆ ಅದು ನಿಂತೀತೇ? ಎರಡು ಏಟಿಗೇ ಮೊಳೆ ಜಾರುತ್ತದೆ. ಬಡಿಗೇರರು ಕೊಡಲಿಗೆ ಕಾವು ಹಾಕುವುದನ್ನು ನೋಡಿದವನಿಗೆ ಉತ್ತರ ಅಲ್ಲೇ ಇದೆ. ಹಿಡಿ ಗುಂಡಿನ ಆಚೆ ತನಕ ಹಾಯಬೇಕು, ತುದಿ ಸೀಳಿ ಬೆಣೆ ಹೊಡೆಯಬೇಕು.

ಕತ್ತಿಯೂ ಹಾಗೇ. ಹಲಗೆಯಲ್ಲಿ ಎಳೆ ಅಡ್ಡ ಬಂದರೆ ಹಿಡಿಯ ಹತ್ತಿರ ಪಟ್ಟನೆ ಮುರಿಯುತ್ತದೆ. ಹಸಿ ಬೇವಿನದಾದರೆ ಇನ್ನೂ ಚೆಂದ: ಮಾಡಿದ ದಿನ ಮಯೂರನ ಖಡ್ಗ, ಬಿಸಿಲಿಗೆ ಒಣಗಿದ ಮೇಲೆ ಬಾಳೆಕಾಯಿ! ಹಸಿ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದಿಲ್ಲ ಅನ್ನುವಷ್ಟು ಕಡಿಮೆ. ಬಿರುಕು ಬಿಡುವುದೂ ಸೊಟ್ಟಗಾಗುವುದೂ ಅದಕ್ಕೇ. ಮುರಿದದ್ದೆಲ್ಲಾ ಹೋಳಿ ಹುಣ್ಣಿಮೆಗೆ ಕಾಮಣ್ಣನ ಪಾಲು. ಚುರುಕು ಹುಡುಗ ಮಾತ್ರ ಸುಡುವ ಮುಂಚೆ ತುಂಡನ್ನು ತಿರುಗಿಸಿ ನೋಡುತ್ತಾನೆ, ಎಲ್ಲಿಂದ ಸೀಳಿತು ಅಂತ.

ಇನ್ನು ಹಿರಣ್ಯಕಶಿಪುವಿನ ಕಂಬ! 1983ರ 'ಭಕ್ತ ಪ್ರಹ್ಲಾದ'ದಲ್ಲಿ ಅಣ್ಣಾವ್ರ ಅಬ್ಬರ ನೋಡಿದ ಮೇಲೆ ಯಾವ ಊರ ಹುಡುಗರಿಗೆ ಆ ಸೀನ್ ಬೇಡ? ನಾಟಕದ ಸಾಮಾನಿನಲ್ಲಿ ಒಡೆಯಲೇಬೇಕಾದ್ದು ಇದೊಂದೇ. ಒಂದೂರಿನ ಕಥೆ ಕೇಳಿ. ಊರ ಹೆಸರು ಬೇಡ, ಅಂದಿನ ನರಸಿಂಹ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ. ಗಜೇಂದ್ರಗಡದ ಗುಡ್ಡದ ಗಾಳಿ ಗೊತ್ತಲ್ಲ, ಈಗ ಅಲ್ಲಿ ಗಾಳಿಯಂತ್ರಗಳೇ ನಿಂತಿವೆ. ಆ ಗಾಳಿಗೆ ಹೆದರಿ ಬಿದಿರಿನ ಚೌಕಟ್ಟಿನ ಮೇಲೆ ಪದರದ ಮೇಲೆ ಪದರ ಕಾಗದ, ಗೋಣಿತಟ್ಟು, ಮೇಲೆ ಅಂಟು! ಹಿರಣ್ಯಕ ಒದ್ದ. ಕಂಬ ಅಲುಗಲಿಲ್ಲ. ಮತ್ತೆ ಒದ್ದ. ಜನ ನಕ್ಕರು. ಒಳಗೆ ಸಿಂಹದ ಮುಖವಾಡ ಹಾಕಿಕೊಂಡ ಹುಡುಗನಿಗೆ ಉಸಿರು ಸಿಗುತ್ತಿಲ್ಲ, ಗುದ್ದುತ್ತಿದ್ದಾನೆ. ಹೊರಗಿನವರಿಗೆ ಅದೂ ಆ್ಯಕ್ಟಿಂಗೇ! ಕೊನೆಗೆ ಒಬ್ಬ ಕುಡುಗೋಲು ತಂದು ಹಿಂದಿನಿಂದ ಸೀಳಿದ. ಹುಡುಗ ಹೊರಬಿದ್ದಾಗ ಕಣ್ಣು ಮೇಲಾಗಿತ್ತು. ನೀರು ಚಿಮುಕಿಸಿ, ಗಾಳಿ ಹಾಕಿ... ಸದ್ಯ, ಬದುಕಿದ!

ಆಮೇಲಿನ ವರ್ಷ ಆ ಊರಲ್ಲಿ ಕಂಬಕ್ಕೆ ಬೆನ್ನೇ ಇಲ್ಲ. ಮುಂದುಗಡೆ ಮಾತ್ರ ತೆಳು ಕಾಗದ, ನಡುವೆ ಮೊದಲೇ ಸೀಳಿ ದಾರದಿಂದ ಹೊಲಿದದ್ದು. ಒಳಗಿದ್ದವನೇ ದಾರ ಎಳೆಯುತ್ತಾನೆ. ಫಸ್ಟ್ ಕ್ಲಾಸ್ ಕ್ಲೈಮ್ಯಾಕ್ಸ್!

ಹಗುರ ಕೆಲಸದ ಗುರುಗಳನ್ನು ನೋಡಬೇಕೇ? ಗಜೇಂದ್ರಗಡದಲ್ಲಿ ಕಾಲಕಾಲೇಶ್ವರನಿಗೆ ಕೈಮುಗಿದು ಕೊಪ್ಪಳದ ದಾರಿ ಹಿಡಿಯಿರಿ. ಕೊಪ್ಪಳದ ಹತ್ತಿರ ಕಿನ್ನಾಳ. ಅಲ್ಲಿಯ ಚಿತ್ರಗಾರರು ಹಗುರವಾದ ಪೊಳಕಿ ಮರ ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರಿನ ಪುಡಿ, ಕಟ್ಟಿಗೆ ಹೊಟ್ಟು, ಅದೇ ಅಂಟು ಕಲಸಿದ 'ಕಿಟ್ಟ'ವನ್ನು ಮೈಗೆಲ್ಲಾ ಬಳಿದು, ಮೇಲೆ ಅರಿವೆ ಚೂರು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು ಬಣ್ಣ ಹಚ್ಚುತ್ತಾರೆ. ದೊಡ್ಡಾಟದ ಕಿರೀಟ, ಭುಜಕೀರ್ತಿಗೂ ಹಗುರ ಮರವೇ ಬೇಕು. ಬೆಳತನಕ ಕುಣಿಯುವವನ ಕತ್ತು ಉಳಿಯಬೇಕಲ್ಲ!

ಈಗ ಪಟ್ಟಣದಲ್ಲಿ ಗದೆ, ಕಿರೀಟ ಎಲ್ಲಾ ಬಾಡಿಗೆಗೆ ಸಿಗುತ್ತದೆ. ಆದರೂ ನರಗುಂದದ ಗುಡ್ಡದ ಕೆಳಗಿನ ಹಳ್ಳಿಯಲ್ಲೋ, ರೋಣದ ಆಚೆಯಲ್ಲೋ ಜಾತ್ರೆಗೆ ಮುಂಚೆ ಕೊಡಲಿ ಸದ್ದು ಕೇಳಿದರೆ ಬಸ್ಸಿಳಿದು ನೋಡಿ. ಬಿದಿರು ಬುಟ್ಟಿಗೆ ಕಾಗದ ಅಂಟಿಸಿ ಬೆಳ್ಳಿಬಣ್ಣ ಬಳಿಯುತ್ತಿದ್ದರೆ ಆ ಭೀಮ ಐದನೇ ಅಂಕದ ತನಕ ನಿಲ್ಲುತ್ತಾನೆ. ಜಾಲಿಕೊರಡು ಕೆತ್ತುತ್ತಿದ್ದರೆ ಮಾತ್ರ, ಹಾರ್ಮೋನಿಯಂ ಮಾಸ್ತರರಿಗೆ ಸ್ವಲ್ಪ ದೂರ ಕೂಡಲು ಹೇಳಿ!