ವಿಟ್ಲದ ಬೇಸಗೆ ರಜೆ

ಕಲ್ಲಡ್ಕದಲ್ಲಿ ಮಂಗಳೂರು–ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಚೆರ್ಕಳದ ದಾರಿ ಹಿಡಿದರೆ, ಗುಡ್ಡವೊಂದನ್ನು ಹತ್ತಿ ಇನ್ನೊಂದನ್ನು ಇಳಿಯುವಷ್ಟರಲ್ಲಿ ವಿಟ್ಲದ ಪೇಟೆ ಕಣ್ಣಿಗೆ ಬೀಳುತ್ತದೆ. ಇದು ನಾಲ್ಕು ದಾರಿಗಳು ಕೂಡುವ ಊರು. ಒಂದು ಪುತ್ತೂರಿಗೆ, ಒಂದು ಮಂಗಳೂರಿಗೆ, ಒಂದು ಸಾಲೆತ್ತೂರಿನ ಕಡೆಗೆ. ಮತ್ತೊಂದು ಅಡ್ಯನಡ್ಕವನ್ನು ಹಾದು ಕೇರಳದ ಗಡಿಯಾಚೆಯ ಪೆರ್ಲಕ್ಕೆ. ಆ ಗಡಿಯೂ ಬಹಳ ಹಳೆಯದಲ್ಲ. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬಿದ್ದ ಗೆರೆ ಅದು. ನೆಂಟರ ಮನೆಗಳು ಗೆರೆಯ ಎರಡು ಕಡೆಗೂ ಹಂಚಿಹೋಗಿವೆ.

ಡೊಂಬ ಹೆಗ್ಗಡೆ ಮನೆತನ ಆಳಿದ ಈ ಸೀಮೆಗೆ ಪಂಚಲಿಂಗೇಶ್ವರನೇ ಒಡೆಯ. ಮಕರ ಸಂಕ್ರಮಣದ ಹೊತ್ತಿಗೆ ಇಲ್ಲಿ ಜರುಗುವ ಜಾತ್ರೆಯನ್ನು ಜನ 'ವಿಟ್ಲಾಯನ' ಎನ್ನುತ್ತಾರೆ. ಆದರೆ ಈ ಊರಿನ ನಿಜವಾದ ಪಂಚಾಂಗವನ್ನು ಬರೆಯುವುದು ಅಡಿಕೆ ಮರ. ಮುರಕಲ್ಲಿನ ಬೋಳುಗುಡ್ಡಗಳ ನಡುವಣ ತಗ್ಗುಗಳಲ್ಲೆಲ್ಲ ಅಡಿಕೆ ತೋಟ. ಗುಡ್ಡದ ಮಗ್ಗುಲನ್ನು ಅಡ್ಡವಾಗಿ ಕೊರೆದು ತೆಗೆದ ಸುರಂಗಗಳಿಂದ ಜಿನುಗುವ ನೀರು. ಆ ನೀರನ್ನು ಹಿಡಿದಿಡುವ ಕೆರೆ. 1956ರಲ್ಲಿಯೇ ಅಡಿಕೆಯ ಸಂಶೋಧನೆಗೆಂದು ಇಲ್ಲೊಂದು ಕೇಂದ್ರ ಸ್ಥಾಪನೆಯಾಯಿತು. ಕೃಷಿಕರ ಬಾಯಲ್ಲಿ ಮನೆಮಾತಾದ 'ಮಂಗಳ' ತಳಿ 1972ರಲ್ಲಿ ಹೊರಬಂದದ್ದು ಇಲ್ಲಿಂದಲೇ.

ಅಡಿಕೆ ಮರದಷ್ಟು ಸೌಮ್ಯವಾಗಿ ಕಾಣುವ ಮರ ಇನ್ನೊಂದಿಲ್ಲ; ಅದರಷ್ಟು ಬಿಗಿಯಾಗಿ ಮನುಷ್ಯನನ್ನು ಕಟ್ಟಿಹಾಕುವ ಮರವೂ ಇನ್ನೊಂದಿಲ್ಲ. ಮಳೆಗಾಲದಲ್ಲಿ ಕೊಳೆರೋಗದ ಭಯ. ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ಮಳೆಯ ನಡುವೆ ಬಿಸಿಲು ಬಿದ್ದಾಗ ಮತ್ತೊಮ್ಮೆ ಸಿಂಪಡಿಸಬೇಕು. ಮಳೆ ನಿಂತ ಮೇಲೆ ನೀರಿನ ಚಿಂತೆ. ನವೆಂಬರಿನಲ್ಲಿ ವಾರಕ್ಕೊಮ್ಮೆ ಉಣಿಸಿದರೆ ಸಾಕಾಗುವ ನೀರು ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಗಳಿಗೊಮ್ಮೆ ಬೇಕಾಗುತ್ತದೆ. ಬೇಸಗೆಯಲ್ಲಿ ಒಂದು ಸರದಿ ತಪ್ಪಿದರೆ ಎಳೆಯ ಕಾಯಿ ಉದುರತೊಡಗುತ್ತದೆ. ಶಾಲೆಗಳಿಗೆ ದೊಡ್ಡ ರಜೆ ಬರುವುದೂ ಸರಿಯಾಗಿ ಅದೇ ಏಪ್ರಿಲ್–ಮೇ ತಿಂಗಳುಗಳಲ್ಲಿ! ಮಕ್ಕಳಿಗೆ ಬಿಡುವು ಬಂದಾಗ ತೋಟಕ್ಕೆ ಬಿಡುವಿಲ್ಲ. ತೋಟಕ್ಕೆ ಬಿಡುವಾದಾಗ ಮಕ್ಕಳಿಗೆ ಪಾಠ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ದೇಶವಿದೇಶಗಳನ್ನು ಸುತ್ತಿ ಪ್ರವಾಸಗ್ರಂಥಗಳನ್ನು ಬರೆದರೆಂಬುದು ನಿಜ. ಅವರ ಪುಸ್ತಕವನ್ನೋದಿ ಹೊರಡಲು ಮನಸ್ಸು ಮಾಡಿದ ಕೃಷಿಕನ ಕಾಲಿಗೆ ಮಾತ್ರ ನೀರಿನ ಕೊಳವೆ ಸುತ್ತಿಕೊಂಡಿರುತ್ತಿತ್ತು.

ಹೀಗಿದ್ದೂ ಹೊರಟ ಮನೆಗಳುಂಟು. ವಿಟ್ಲ ಪೇಟೆಯಿಂದ ತುಸು ದೂರದ ಅಂಥದೊಂದು ಹವ್ಯಕ ಮನೆಯ ಮಗ ಈಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎಂಜಿನಿಯರ್. ಅವನಿಗೆ ಮೂವತ್ತು ತುಂಬಿಲ್ಲ. ಬಾಲ್ಯದ ರಜೆಗಳೆಂದರೆ ಅವನ ನೆನಪಿಗೆ ಮೊದಲು ಬರುವುದು ಅಪ್ಪನ ಹಳೆಯ ಮಾರುತಿ ಓಮ್ನಿ. ಅದರ ಹಿಂದಿನ ಸೀಟಿನಲ್ಲಿ ಅವನೂ ತಂಗಿಯೂ, ಅವರ ಕಾಲ ಕೆಳಗೆ ಅವಲಕ್ಕಿಯ ಡಬ್ಬ, ಬಾಳೆಗೊನೆಯ ಎರಡು ಚಿಪ್ಪು, ನೀರಿನ ಕ್ಯಾನು. ಮುಂದಿನ ಸೀಟಿನಲ್ಲಿ ಅಮ್ಮ. ನಡುವಿನಲ್ಲಿ, ದಾರಿಯುದ್ದಕ್ಕೂ ಒಂದೊಂದು ದೇವಸ್ಥಾನದ ಹೆಸರು ಹೇಳಿ ಕೈಮುಗಿಯುವ ಅಜ್ಜಿ.

2006ರ ಮೇ ತಿಂಗಳಲ್ಲಿ ಅವರು ಜೋಗಕ್ಕೆ ಹೊರಟರು. ಬೆಳಕು ಹರಿಯುವ ಮುನ್ನವೇ ಹೊರಟ ಓಮ್ನಿ ಕಲ್ಲಡ್ಕದಲ್ಲಿ ನಿಂತಿತು. ಕೆಳಗೆ ಹಾಲು, ಮೇಲೆ ಡಿಕಾಕ್ಷನ್ನು ಬೇರೆ ಬೇರೆಯಾಗಿ ನಿಲ್ಲುವ ಅಲ್ಲಿಯ ಕೆ.ಟಿ.ಯನ್ನು ಕಲಸದೆ ಕುಡಿಯಬೇಕೆಂದು ಅಣ್ಣ, ಕಲಸಿಯೇ ಕುಡಿಯಬೇಕೆಂದು ತಂಗಿ ಜಗಳವಾಡಿದರು. ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿ, ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಕಂಬ ಎಣಿಸಹೊರಟ ತಂಗಿ ಅರವತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪಿ ಅಳು ಮೋರೆ ಮಾಡಿದಳು. ಅದಕ್ಕೆ ಎರಡೇ ವರ್ಷ ಕಿರಿಯನಾದ ಕಾರ್ಕಳದ ಗೊಮ್ಮಟ, 42 ಅಡಿಯ ಆ ಭವ್ಯ ಮೂರ್ತಿ, ಆ ಬಿಸಿಲಿನಲ್ಲಿ ಬರಿಗಾಲಿನಿಂದ ಬಂಡೆ ಹತ್ತುವವರಿಗೆ ಕೊಡುವ ಶಿಕ್ಷೆಯನ್ನು ಅನುಭವಿಸಿಯೇ ತಿಳಿಯಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅಜ್ಜಿಗೆ ತಲೆ ಸುತ್ತಿತು. ತೀರ್ಥಹಳ್ಳಿಯ ನೆಂಟರಲ್ಲಿ ಇರುಳು ಕಳೆದು ಮರುದಿನ ಜೋಗ ತಲಪಿದರೆ, ಅಲ್ಲೇನಿತ್ತು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತ ಮೇಲೆ ಬೇಸಗೆಯ ಶರಾವತಿ ಹೇಗಿರುತ್ತದೆಂಬುದು ಬಲ್ಲವರಿಗೆ ಗೊತ್ತು. 253 ಮೀಟರ್ ಎತ್ತರದ ಕಪ್ಪು ಬಂಡೆಯ ಮೇಲೆ ನೂಲಿನಂಥ ಎರಡು ಬಿಳಿಯ ಎಳೆಗಳು. ರಾಜನೂ ಇಲ್ಲ, ರಾಣಿಯೂ ಇಲ್ಲ. ರೋರರ್ ಮೌನ, ರಾಕೆಟ್ ನೆಲ ಕಚ್ಚಿತ್ತು.

"ಇದಕ್ಕಾ ಬಂದದ್ದು?" ಎಂದು ಹತ್ತು ವರ್ಷದ ಹುಡುಗ ಕೇಳಿದನು. ಅಪ್ಪ ಉತ್ತರ ಕೊಡದೆ, ಬೇಲಿಯ ಕಂಬಿಗೆ ಎಲ್ಲರನ್ನೂ ಒರಗಿಸಿ ನಿಲ್ಲಿಸಿ, ದಾರಿಹೋಕರೊಬ್ಬರ ಕೈಗೆ ಕ್ಯಾಮರಾ ಕೊಟ್ಟು ಒಂದು ಚಿತ್ರ ತೆಗೆಸಿದರು.

ಆ ಚಿತ್ರ ಈಗ ಸ್ಟುಟ್‌ಗಾರ್ಟಿನ ಕೋಣೆಯಲ್ಲಿದೆ. ಅಲ್ಲಿ ರಜೆಯೆಂಬುದು ಯಾರೂ ಬೇಡಿ ಪಡೆಯುವ ವಸ್ತುವಲ್ಲ. 1963ರ ಕಾನೂನು, ಅದರ ಈಗಿನ ರೂಪದಲ್ಲಿ, ವಾರಕ್ಕೆ ಐದು ದಿನ ದುಡಿಯುವವನಿಗೆ ವರ್ಷಕ್ಕೆ ಕಡಮೆಯೆಂದರೆ 20 ದಿನಗಳ ಸಂಬಳಸಹಿತ ರಜೆಯನ್ನು ವಿಧಿಸಿದೆ. ಅನೇಕ ಕಂಪೆನಿಗಳು ಇನ್ನೂ ಹೆಚ್ಚೇ ಕೊಡುತ್ತವೆ. ರಜೆ ತೆಗೆದುಕೊಳ್ಳದವನನ್ನೇ ಅಲ್ಲಿಯ ಜನ ವಿಚಿತ್ರವಾಗಿ ನೋಡುವುದು. ಜೂನ್ ತಿಂಗಳ ಒಂದು ಶನಿವಾರ ಅವನು ಗೆಳೆಯರೊಂದಿಗೆ ರೈಲು ಹತ್ತಿ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ನಿಗೆ ಹೋದನು. ಊರಿನ ಪಕ್ಕದಲ್ಲಿಯೇ ರೈನ್ ನದಿಯ ಜಲಪಾತ. ಎತ್ತರ 23 ಮೀಟರ್, ಎಂದರೆ ಜೋಗದ ಹನ್ನೊಂದರಲ್ಲಿ ಒಂದು ಪಾಲು. ಆದರೆ ಅಗಲ 150 ಮೀಟರ್. ಆಲ್ಪ್ಸ್ ಪರ್ವತಗಳ ಹಿಮ ಕರಗುವುದು ಬೇಸಗೆಯಲ್ಲಾದುದರಿಂದ, ನಮ್ಮ ನದಿಗಳು ಸೊರಗುವ ಋತುವಿನಲ್ಲಿಯೇ ಅದು ಕೊಬ್ಬುತ್ತದೆ. ಸೆಕೆಂಡಿಗೆ ಸುಮಾರು 600 ಘನಮೀಟರ್ ನೀರು. ದಡದಲ್ಲಿ ನಿಂತವರ ಮಾತು ಪಕ್ಕದವರಿಗೆ ಕೇಳಿಸದು.

ಗೆಳೆಯರು ಬೆರಗಾದರು. ಅವನೂ ಬೆರಗಾದನು. ಆದರೆ ಅಷ್ಟೊಂದು ನೀರು ಸುಮ್ಮನೆ ಹರಿದುಹೋಗುವುದನ್ನು ಕಂಡಾಗ ತೋಟದ ಮನೆಯಲ್ಲಿ ಹುಟ್ಟಿದವನಿಗೆ ನೆನಪಾಗುವುದು ಬೇರೆ. ಜೋಗದ ಆ ಎರಡು ನೂಲೆಳೆಗಳು ನೆನಪಾದವು. ಆ ಚಿತ್ರ ನೆನಪಾಯಿತು. ಚಿತ್ರದಲ್ಲಿ ಐವರು: ಅಪ್ಪ, ಅಮ್ಮ, ಅಜ್ಜಿ, ತಾನು, ತಂಗಿ. ಮನೆಯಲ್ಲಿದ್ದವರೋ ಆರು ಮಂದಿ.

ಆರನೆಯವರು ಅಪ್ಪಚ್ಚಿ. ತಂದೆಯ ತಮ್ಮನನ್ನು ಆ ಕಡೆಯ ಹವ್ಯಕರು ಕರೆಯುವುದು ಹಾಗೆ. ಮದುವೆಯಾಗದೆ ಅಣ್ಣನ ಸಂಸಾರದಲ್ಲಿಯೇ ನಿಂತ ಜೀವ. ಪ್ರತಿಸಲ ಓಮ್ನಿಯ ಬಾಗಿಲು ಹಾಕುವಾಗಲೂ ಅವರದು ಒಂದೇ ಮಾತು: "ನಿಂಗೊ ಹೋಗಿಕ್ಕಿ ಬನ್ನಿ, ತೋಟಕ್ಕೆ ನೀರು ಬಿಡುಲೆ ಆನಿದ್ದೆ." ಮೂರು ದಿನದ ಪ್ರವಾಸವೆಂದರೆ ಅವರ ಪಾಲಿಗೆ ಎರಡು ಹಸುಗಳ ಹಾಲು ಕರೆಯುವುದು, ದೇವರಿಗೆ ದೀಪವಿಡುವುದು, ಒಬ್ಬರಿಗಾಗಿ ಗಂಜಿ ಬೇಯಿಸುವುದು. ಪಂಪಿಗೆ ಬೇಕಾದ ವಿದ್ಯುತ್ತು ಬರುತ್ತಿದ್ದುದು ಹೆಚ್ಚಾಗಿ ನಡುರಾತ್ರಿಯ ಮೇಲೆ. ಟಾರ್ಚು ಹಿಡಿದು ಕಣಿಗಳನ್ನು ದಾಟುತ್ತ ಒಂದು ತುಂಡಿನಿಂದ ಇನ್ನೊಂದು ತುಂಡಿಗೆ ನೀರು ತಿರುಗಿಸಬೇಕು. ಮಡಿಕೇರಿಗೆ ಹೋದಾಗಲೂ ಹಾಗೆಯೇ, ಮೈಸೂರಿಗೆ ಹೋದಾಗಲೂ ಹಾಗೆಯೇ. ತಿರುಗಿ ಬಂದ ಮಕ್ಕಳು ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದರು. ಅವರು ಅಡಿಕೆ ಸುಲಿಯುತ್ತ ಕೇಳುತ್ತಿದ್ದರು. ಅವರು ಮನೆ ಬಿಟ್ಟು ಹೋಗುತ್ತಿದ್ದ ದೂರವೆಂದರೆ ವಿಟ್ಲಾಯನದ ತೇರು ಅಥವಾ ಪುತ್ತೂರಿನ ಸಂತೆ.

ಪರದೇಶಕ್ಕೆ ಹೋದ ಹುಡುಗರಿಗೆ ತಾಯಿಯ ಕೈಯಡುಗೆ ನೆನಪಾಗುವುದು ಸಾಮಾನ್ಯ. ಅದನ್ನು ಎಲ್ಲರೂ ಬರೆಯುತ್ತಾರೆ. ತನಗೆ ಲೋಕ ತೋರಿಸಲೆಂದು ಲೋಕ ನೋಡದೆ ಉಳಿದವರ ನೆನಪು ಅಷ್ಟು ಬೇಗ ಬರುವುದಿಲ್ಲ. ಇವನಿಗೂ ಇಪ್ಪತ್ತು ವರ್ಷಕ್ಕೆ ಹತ್ತಿರ ಹತ್ತಿರ ಹಿಡಿಯಿತು. ಶಾಫ್‌ಹೌಸನ್ನಿನಿಂದ ಹಿಂದಿರುಗುವಾಗ ರೈಲಿನಲ್ಲಿಯೇ ಅವನು ಮನೆಗೆ ಫೋನು ಮಾಡಿದನು. ಅಪ್ಪಚ್ಚಿ ಜಲಪಾತದ ಎತ್ತರವನ್ನು ಕೇಳಲಿಲ್ಲ. ಅಲ್ಲಿ ತೋಟಗಳಿಗೆ ನೀರು ಹೇಗೆ ಬಿಡುತ್ತಾರೆಂದು ಕೇಳಿದರು. ಹೇಳಲು ಅವನಿಗೆ ತಿಳಿಯದು.

ಮರುವರ್ಷದ ಮೇ ತಿಂಗಳಲ್ಲಿ ಅವನು ಮೂರು ವಾರ ರಜೆ ಹಾಕಿ ವಿಟ್ಲಕ್ಕೆ ಬಂದನು. ಅಪ್ಪ, ಅಮ್ಮ, ಅಪ್ಪಚ್ಚಿ, ಮೂವರೂ ಜೋಗಕ್ಕೆ ಹೋಗಿ ಬರಬೇಕು, ತೋಟಕ್ಕೆ ತಾನಿರುತ್ತೇನೆ ಎಂದಾಗ ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಬೇಸಗೆಯ ಜೋಗದಲ್ಲಿ ನೋಡುವುದೇನಿದೆ ಎಂದು ಅಪ್ಪ. ಎಲ್ಲಾದರೂ ಸರಿ, ಹೊರಟರೆ ಸಾಕೆಂದು ಅಮ್ಮ. ಅಪ್ಪಚ್ಚಿಯದು ಮಾತ್ರ ಬೇರೆ ಚಿಂತೆ. ಹೊರಡುವ ಹಿಂದಿನ ದಿನ ಅವರು ಅಣ್ಣನ ಮಗನನ್ನು ತೋಟದಲ್ಲೆಲ್ಲ ಸುತ್ತಿಸಿ, ಯಾವ ಗೇಟ್‌ವಾಲ್ವನ್ನು ಎಷ್ಟು ತಿರುಗಿಸಬೇಕು, ಯಾವ ತುಂಡಿಗೆ ಎಷ್ಟು ಹೊತ್ತು, ಕೆರೆಯ ನೀರು ಯಾವ ಕಲ್ಲಿನವರೆಗೆ ಇಳಿದರೆ ಪಂಪು ನಿಲ್ಲಿಸಬೇಕು ಎಂಬುದನ್ನೆಲ್ಲ ಹೇಳಿಕೊಟ್ಟರು. ಎಂಜಿನಿಯರ್ ಒಂದು ಕಾಗದದಲ್ಲಿ ನಕ್ಷೆ ಬರೆದುಕೊಂಡನು. ಅದನ್ನು ನೋಡಿ ಅವರು ನಕ್ಕರು.

ಮೂರು ರಾತ್ರಿ ಅವನು ನಿದ್ದೆಗೆಟ್ಟನು. ಒಂದು ರಾತ್ರಿ ಕೊಳವೆಯ ಜೋಡಣೆ ಕಳಚಿ ಮೈಯೆಲ್ಲ ಕೆಸರಾಯಿತು. ಹಸುವೊಂದು ಅಪರಿಚಿತ ಕೈಗೆ ಹಾಲು ಕೊಡಲು ಒಪ್ಪಲಿಲ್ಲ. ಎರಡನೆಯ ದಿನ ಸಂಜೆ ಫೋನು ಬಂತು. ಜೋಗದ ಎದುರಿನಲ್ಲಿ ನಿಂತು ಮಾತನಾಡುತ್ತಿದ್ದವರು ಅಪ್ಪಚ್ಚಿ. ಜಲಪಾತ ಹೇಗಿದೆಯೆಂದು ಅವನು ಕೇಳುವ ಮೊದಲೇ ಅವರೇ ಕೇಳಿದರು: "ಮೇಗಾಣ ತೋಟಕ್ಕೆ ನೀರು ಬಿಟ್ಟಾತೋ?"