ಫೋಟೊದಲ್ಲಿ ನಾಲ್ಕೂ ಮುಖ ಇರಬೇಕು!

ಭಾನುವಾರ ಬೆಳಗ್ಗೆ ಮೂರು ಗಂಟೆ ಹೊತ್ತು ಊರೆಲ್ಲ ಸುತ್ತಿ, ಒಗಟು ಬಿಡಿಸಿ, ಬೆವರು ಸುರಿಸಿ, ಕೊನೆಗೆ ಒಂಬತ್ತು ತಂಡಗಳಲ್ಲಿ ಐದನೇ ಸ್ಥಾನ ಬಂದ್ರೆ ಖುಷಿಪಡಬೇಕಾ, ಬೇಜಾರು ಮಾಡ್ಕೋಬೇಕಾ? ನಮ್ಮ ತಂಡದ ನಾಲ್ಕು ಜನರಲ್ಲಿ ಈ ಬಗ್ಗೆ ಇವತ್ತಿಗೂ ಒಮ್ಮತವಿಲ್ಲ.

ಮೊದಲು ಆಟ ಏನು ಅಂತ ಹೇಳ್ತೀನಿ. ಇದಕ್ಕೆ ಅರ್ಬನ್ ಅಡ್ವೆಂಚರ್ ರೇಸ್ ಅಂತಾರೆ. ಕೈಗೆ ಒಂದು ಚೀಟಿ ಕೊಡ್ತಾರೆ. ಅದರಲ್ಲಿರುವ ಸುಳಿವು ಬಿಡಿಸಿದರೆ ಊರಿನ ಒಂದು ಜಾಗ ಗೊತ್ತಾಗುತ್ತೆ. ಅಲ್ಲಿಗೆ ಓಡಬೇಕು, ಹೇಳಿದ ಕೆಲಸ ಮುಗಿಸಬೇಕು, ಮುಂದಿನ ಸುಳಿವು ಹಿಡಿಯಬೇಕು. 1989ರಲ್ಲಿ ಫ್ರಾನ್ಸಿನ ಪತ್ರಕರ್ತ ಜೆರಾರ್ ಫ್ಯೂಸಿಲ್ ನ್ಯೂಜಿಲೆಂಡಿನಲ್ಲಿ ಕಾಡು-ಬೆಟ್ಟ-ನದಿಗಳ ದೊಡ್ಡ ತಂಡ ಓಟ ನಡೆಸಿದ ಮೇಲೆ ಇಂಥ ಸ್ಪರ್ಧೆಗಳು ಜನಪ್ರಿಯವಾದವು. 2001ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ‘ದಿ ಅಮೇಜಿಂಗ್ ರೇಸ್’ ಸುಳಿವಿನ ಓಟವನ್ನು ಮನೆಮನೆಗೆ ತಲುಪಿಸಿತು. ನಮ್ಮ ಬೆಂಗಳೂರಿನಲ್ಲೂ 2012ರಿಂದ ಟ್ರೈಲ್‌ವಾಕರ್ ನಡೆಯಿತು. ನಾಲ್ವರ ತಂಡ, 100 ಕಿ.ಮೀ. ನಡಿಗೆ, 48 ಗಂಟೆಯ ಗಡುವು. 1981ರಲ್ಲಿ ಹಾಂಗ್‌ಕಾಂಗಿನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಹುಟ್ಟಿದ್ದು ಅದು.

ನಮ್ಮದು ಅಷ್ಟು ದೊಡ್ಡದೇನಲ್ಲ. ಚಿತ್ರದುರ್ಗದಲ್ಲಿ ಓದಿ ಈಗ ಬೇರೆ ಬೇರೆ ಕಡೆ ಕೆಲಸದಲ್ಲಿರುವ ಒಂದಷ್ಟು ಸ್ನೇಹಿತರು ಸೇರಿ ನಮ್ಮೂರಲ್ಲೇ ಇಟ್ಟುಕೊಂಡಿದ್ದು. ನಿಯಮ ಮೂರೇ. ಗೂಗಲ್ ಮ್ಯಾಪ್ ನೋಡಂಗಿಲ್ಲ, ದಾರಿ ಬೇಕಿದ್ರೆ ಜನರನ್ನೇ ಕೇಳಬೇಕು. ಗಾಡಿ ಹತ್ತಂಗಿಲ್ಲ. ಪ್ರತಿ ಜಾಗದಲ್ಲೂ ತೆಗೆದ ಫೋಟೊದಲ್ಲಿ ನಾಲ್ಕೂ ಮುಖ ಇರಬೇಕು, ಆ ಫೋಟೊದ ಸಮಯವೇ ತಂಡದ ಸಮಯ.

ನಮ್ಮ ತಂಡದಲ್ಲಿ ಜಿಲ್ಲೆಯ ನಾಲ್ಕು ಊರು ಇತ್ತು. ಕಾಲೇಜಿನಲ್ಲಿ ಒಬ್ಬರನ್ನೊಬ್ಬರು ಊರ ಹೆಸರಿಂದಲೇ ಕರೀತಿದ್ವಿ, ಈಗಲೂ ಹಾಗೇ. ನಾನು ದುರ್ಗ. ಹಿರಿಯೂರು ದಿನಾ ಹತ್ತು ಕಿಲೋಮೀಟರ್ ಓಡೋನು, ಕೈಯಲ್ಲಿ ಎದೆಬಡಿತ ಎಣಿಸೋ ವಾಚು. ಹೊಳಲ್ಕೆರೆ ಮಾತು ಕಮ್ಮಿ, ಆದರೆ ಬಾಯಿ ಬಿಟ್ಟರೆ ಬೇರೆಯವರಿಗೆ ಮಾತಾಡೋಕೆ ಏನೂ ಉಳಿಯಲ್ಲ. ಹೊಸದುರ್ಗಕ್ಕೆ ಎಂಟು ತಿಂಗಳ ಮಗು. ಸಿಸೇರಿಯನ್ ಆಗಿತ್ತು, ನಡೆಯೋಕೆ ಹತ್ತೋಕೆ ಅಡ್ಡಿಯಿಲ್ಲ ಅಂತ ಡಾಕ್ಟರು ಹೇಳಿದ್ದರು. ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಬಂದಿದ್ದಳು. ಕೆಲಸಕ್ಕೆ ವಾಪಸ್ ಬರ್ತೀರಾ ಇಲ್ವಾ ಅಂತ ಅವಳ ಆಫೀಸಿನವರು ಕೇಳಿದ್ದರು. ಉತ್ತರ ಕೊಡೋಕೆ ಇನ್ನು ಹತ್ತೇ ದಿನ ಇತ್ತು.

ಮೊದಲ ಚೀಟಿಯಲ್ಲಿ ಒಂದೇ ಸಾಲು: ‘ನೀರು ಇಳಿದ ದಾರಿಯಲ್ಲಿ ನೀವು ಹತ್ತಿ.’ ದುರ್ಗದವಳಾದ ನನಗೆ ಇದು ಕಷ್ಟವಾಗಲಿಲ್ಲ. ಕೋಟೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಒಂದು ತುಂಬಿದ ಮೇಲೆ ಇನ್ನೊಂದು. ಬಿದ್ದ ಮಳೆ ದಂಡವಾಗದ ಹಾಗೆ ಪಾಳೆಯಗಾರರ ಕಾಲದಲ್ಲೇ ಮಾಡಿಟ್ಟ ವ್ಯವಸ್ಥೆ. ನಾವು ತಿರುಗಾಮುರುಗಾ ಹೋಗಬೇಕಿತ್ತು. ಸಂತೆ ಹೊಂಡದಿಂದ ಶುರು, ಗೋಪಾಲಸ್ವಾಮಿ ಹೊಂಡದಲ್ಲಿ ಮುಕ್ತಾಯ.

ಪೇಟೆಯಲ್ಲಿ ನಾವೇ ಮುಂದಿದ್ವಿ. ಸಂತೆ ಹೊಂಡದ ಹತ್ತಿರ ಹೂವಿನ ಅಜ್ಜಿಯಿಂದ ಚೌಕಾಸಿ ಮಾಡದೆ ಒಂದು ಮೊಳ ಮಲ್ಲಿಗೆ ಕೊಳ್ಳೋ ಕೆಲಸ. ಹೊಸದುರ್ಗ ಅರ್ಧ ನಿಮಿಷದಲ್ಲಿ ಮುಗಿಸಿ, ಹೂವನ್ನೂ ಮುಡಿದುಕೊಂಡಳು. ಸಿಹಿನೀರು ಹೊಂಡದಲ್ಲಿ ಫೋಟೊ ತೆಗೆದಾಗ ಹಿರಿಯೂರು ವಾಚು ನೋಡಿ, ‘ಲೇ, ಈ ಸಲ ನಮ್ದೇ’ ಅಂದ.

ಕೋಟೆ ಬಾಗಿಲು ದಾಟಿದ ಮೇಲೆ ಕಥೆ ಬದಲಾಯ್ತು. ಏಳುಸುತ್ತಿನ ಕೋಟೆ ಕಟ್ಟಿದವರು ದಾರಿಯನ್ನು ನೇರವಾಗಿ ಬಿಟ್ಟಿಲ್ಲ. ಬಾಗಿಲು ದಾಟಿದರೆ ತಿರುವು, ತಿರುವು ಕಳೆದರೆ ಇನ್ನೊಂದು ಬಾಗಿಲು. ಆನೆಯಾಗಲಿ ಕುದುರೆಯಾಗಲಿ ಓಡಿ ಬಂದ ವೇಗದಲ್ಲೇ ನುಗ್ಗಬಾರದು ಅಂತಲೇ ಹೀಗೆ. ಹೈದರಾಲಿಯ ಸೈನ್ಯಕ್ಕೂ 1779ರಲ್ಲಿ ಕೋಟೆ ಕೈವಶವಾಗೋ ಮುಂಚೆ ಸಾಕುಸಾಕಾಗಿತ್ತು. ನಾವ್ಯಾವ ಲೆಕ್ಕ? ಮೇಲೆ ಬಿಸಿಲು, ಕಾಲಡಿ ನುಣುಪಾದ ಕಲ್ಲು, ಕೈಚೀಲಕ್ಕೆ ಕಣ್ಣಿಟ್ಟ ಕೋತಿಗಳು.

ಹಿರಿಯೂರು ಪ್ರತಿ ಸಲ ಐವತ್ತು ಹೆಜ್ಜೆ ಮುಂದೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು ನಿಂತು, ವಾಚು ನೋಡೋನು. ನಾವು ತಲುಪೋ ಹೊತ್ತಿಗೆ ಅವನ ಸುಸ್ತು ಕಳೆದಿರೋದು, ಮತ್ತೆ ಹೊರಡೋನು. ಹೊಸದುರ್ಗಕ್ಕೆ ಮಾತ್ರ ನಿಲ್ಲೋಕೇ ಬಿಡುವಿಲ್ಲ. ಹೀಗೆ ನಾಲ್ಕೈದು ಸಲ ಆಯ್ತು. ಎರಡು ತಂಡ ನಮ್ಮನ್ನು ದಾಟಿ ಹೋದವು. ಏಕನಾಥೇಶ್ವರಿ ದೇವಸ್ಥಾನ ಕಾಣೋ ಕಡೆ ಅವಳು ಒಂದು ಬಂಡೆ ಮೇಲೆ ಕೂತೇಬಿಟ್ಟಳು.

‘ನೀವು ಹೋಗ್ರೋ. ನಾನು ಇಲ್ಲೇ ಕೂತಿರ್ತೀನಿ. ಬರ್ತಾ ಕರ್ಕೊಂಡು ಹೋಗಿ.’

‘ನಾಲ್ಕೂ ಮುಖ ಇಲ್ದಿದ್ರೆ ಫೋಟೊ ನಡೆಯಲ್ವಲ್ಲ’ ಅಂದ ಹಿರಿಯೂರು, ಸಿಟ್ಟಿನಲ್ಲೇ. ‘ಇನ್ನೈದು ನಿಮಿಷ ಇಲ್ಲೇ ಕೂತ್ರೆ ಗೆದ್ದಂಗೇ!’

ಆಗ ಹೊಳಲ್ಕೆರೆ ಬಾಯಿ ಬಿಟ್ಟ. ‘ನಿಮ್ಮೂರ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು. ಆಮೇಲೆ ಬಿದ್ದಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯ್ದಿದ್ದೀರ. ಐದು ನಿಮಿಷ ಕಾಯೋಕಾಗಲ್ವೇನೋ?’

ಹಿರಿಯೂರೇ ಮೊದಲು ನಕ್ಕಿದ್ದು. ಹೊಸದುರ್ಗ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ನನಗೆ ಮಾತ್ರ ಕೇಳೋ ಹಾಗೆ ಅಂದಳು: ‘ನೀವು ಹೋಗಿ ಅನ್ನೋದು ಒಂದು ವರ್ಷದಿಂದ ಅಭ್ಯಾಸ ಆಗ್ಬಿಟ್ಟಿದೆ ಕಣೇ. ಮದುವೆಗೆ ನೀವು ಹೋಗಿ, ಸಿನಿಮಾಗೆ ನೀವು ಹೋಗಿ. ಆಫೀಸಿಗೂ ಅದನ್ನೇ ಬರೆದುಬಿಡೋಣ ಅಂತಿದ್ದೆ.’

ನಾನು ಏನೂ ಹೇಳಲಿಲ್ಲ. ಆ ಹೊತ್ತಿಗೆ ಬೇಕಿದ್ದದ್ದು ಮಾತಿಗಿಂತ ಸಾಲಿನ ಬದಲಾವಣೆ. ಹೊಸದುರ್ಗ ಎಲ್ಲರಿಗಿಂತ ಮುಂದೆ, ಅವಳ ಹಿಂದೆ ನಾನು, ಆಮೇಲೆ ಹೊಳಲ್ಕೆರೆ, ಕಟ್ಟಕಡೆಗೆ ಹಿರಿಯೂರು. ನೀರಿನ ಬಾಟಲಿ, ಬ್ಯಾಗು ಎಲ್ಲ ಅವನ ಬೆನ್ನಿಗೆ. ಅವಳು ಎಷ್ಟು ಬೇಗ ನಡೀತಾಳೋ ಅದೇ ನಮ್ಮ ವೇಗ. ಅವಳು ನಿಂತಾಗ ಮಾತ್ರ ಎಲ್ಲರೂ ನಿಲ್ಲಬೇಕು. ಮುಂದಿದ್ದಾಗ ಅವಳು ನಿಂತಿದ್ದು ಎರಡೇ ಸಲ. ಯಾರ ಬೆನ್ನನ್ನೋ ನೋಡ್ತಾ ಏದುಸಿರು ಬಿಡೋದಕ್ಕೂ, ತನ್ನ ಉಸಿರಿಗೆ ತಕ್ಕ ಹಾಗೆ ಹೆಜ್ಜೆ ಇಡೋದಕ್ಕೂ ಅಷ್ಟು ವ್ಯತ್ಯಾಸ ಇದೆ. ಹೊರೆ ಬಿದ್ದ ಮೇಲೆ ಹಿರಿಯೂರಿಗೂ ವಾಚು ನೋಡೋಕೆ ಪುರುಸೊತ್ತಾಗಲಿಲ್ಲ!

ಅಕ್ಕ ತಂಗಿ ಹೊಂಡದಲ್ಲಿ ಒಂದು ಫೋಟೊ, ಗೋಪಾಲಸ್ವಾಮಿ ಹೊಂಡದಲ್ಲಿ ಇನ್ನೊಂದು. ದಾಟಿ ಹೋಗಿದ್ದ ಒಂದು ತಂಡ ಅಲ್ಲಿ ತಮ್ಮ ನಾಲ್ಕನೆಯವನಿಗಾಗಿ ಕಾಯ್ತಾ ನಿಂತಿತ್ತು. ಅವನು ಇನ್ನೂ ಕೆಳಗೆಲ್ಲೋ ಇದ್ದ. ಅವರಿಗಿಂತ ಮುಂಚೆ ನಮ್ಮ ಫೋಟೊ ಆಯ್ತು. ಒಟ್ಟಿನಲ್ಲಿ ಐದನೆಯವರು.

ಇಳಿದು ಬಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವಾಗ, ಮೊದಲಿಂದಲೇ ಹಾಗೆ ನಡೆದಿದ್ರೆ ಮೂರರೊಳಗೆ ಬರ್ತಿದ್ವಿ ಅಂತ ಹಿರಿಯೂರು ಲೆಕ್ಕ ಹಾಕಿ ತೋರಿಸಿದ. ಇರಬಹುದು.

ಹೊಸದುರ್ಗ ಆಫೀಸಿಗೆ ಬರೆದಳು. ಎರಡು ತಿಂಗಳು ಅರ್ಧ ದಿನ ಕೆಲಸ, ಆಮೇಲೆ ಪೂರ್ತಿ ದಿನ. ಒಪ್ಪಿದ್ದಾರೆ, ಆ ಎರಡು ತಿಂಗಳು ಸಂಬಳವೂ ಅರ್ಧ. ಒಂದು ಓಟದಿಂದ ಇದೆಲ್ಲ ಆಯ್ತು ಅಂತ ನಾನು ಹೇಳಲ್ಲ. ಅವಳ ಗಂಡ, ಅಮ್ಮ ಇಬ್ಬರೂ ಜೊತೆಗೆ ನಿಂತಿದ್ದಾರೆ. ಆದರೆ ಕೆಲಸ ಬಿಡದೇನೇ ವೇಗ ಕಮ್ಮಿ ಮಾಡಿ ಅಂತ ಕೇಳಬಹುದು ಅನ್ನೋದು ಆ ಬಂಡೆ ಮೇಲೆ ಹೊಳೀತು ಅಂತ ಅವಳೇ ಹೇಳಿದಳು.

ನೀವೂ ನಿಮ್ಮೂರಲ್ಲಿ ಇಂಥ ಓಟ ಇಟ್ಟುಕೊಳ್ಳಿ. ಖರ್ಚೇನೂ ಇಲ್ಲ, ಊರು ಬಲ್ಲ ಒಬ್ಬರು ಚೀಟಿ ಬರೆದರೆ ಸಾಕು. ಬಿಸಿಲೇರುವ ಮುಂಚೆ ಶುರು ಮಾಡಿ, ನೀರು ಜಾಸ್ತಿ ಇರಲಿ, ತಿಂಡಿ ಕೋತಿಗೆ ಕಾಣದಿರಲಿ. ನಿಯಮ ಎಷ್ಟು ಬೇಕಾದರೂ ಬದಲಾಯಿಸಿ, ನಾಲ್ಕು ಮುಖದ ಫೋಟೊ ಮಾತ್ರ ಬಿಡಬೇಡಿ.

ಮುಂದಿನ ಸಲ ಹಿರಿಯೂರಲ್ಲೇ ಓಟ ಆಗಬೇಕಂತೆ, ಅಣೆಕಟ್ಟೆ ಹತ್ತಿರ. ಚೀಟಿ ಬರೆಯೋ ಜವಾಬ್ದಾರಿ ಹೊಳಲ್ಕೆರೆಯದು. ಬ್ಯಾಗು ಯಾರ ಬೆನ್ನಿಗೆ ಅನ್ನೋ ಚರ್ಚೆ ಮಾತ್ರ ಗ್ರೂಪಿನಲ್ಲಿ ಇನ್ನೂ ಮುಗಿದಿಲ್ಲ.