ಅಬರ್‌ವ್ಯಾನ್: ಕಲ್ಲಿದ್ದಲ ಕಣಿವೆಯ ಒಂದು ರೈಲು ನಿಲ್ದಾಣ

ದಕ್ಷಿಣ ವೇಲ್ಸಿನ ಟ್ಯಾಫ್ ನದಿಯ ದಂಡೆಯಲ್ಲಿರುವ ಅಬರ್‌ವ್ಯಾನ್ ಗ್ರಾಮವು 1966ರ ದುರಂತದಿಂದ ಲೋಕಕ್ಕೆ ಪರಿಚಿತವಾಯಿತು. ಅದಕ್ಕೂ ಹದಿನೈದು ವರ್ಷ ಮೊದಲೇ ಅಲ್ಲಿನ ರೈಲು ನಿಲ್ದಾಣ ಮುಚ್ಚಿಹೋಗಿತ್ತು. ಅದು ಮುಚ್ಚಿದ ಬಗೆಯೂ ಆ ಗ್ರಾಮದ ಚರಿತ್ರೆಯ ಭಾಗವೇ ಆಗಿದೆ.

ಜಾನ್ ನಿಕ್ಸನ್ 1869ರಲ್ಲಿ ಇಲ್ಲಿ ಮರ್ಥರ್ ವೇಲ್ ಗಣಿಯನ್ನು ತೋಡಿಸತೊಡಗಿದನು. ಕೃಷಿಕರ ಕೆಲವೇ ಮನೆಗಳಿದ್ದ ಜಾಗದಲ್ಲಿ ಕಾರ್ಮಿಕರ ಸಾಲುಮನೆಗಳೆದ್ದವು. ನದಿಯ ಪೂರ್ವಕ್ಕೆ ಟ್ಯಾಫ್ ವೇಲ್ ರೈಲ್ವೆಯ ಹಳಿ ಮೊದಲೇ ಇತ್ತು. ಗ್ರೇಟ್ ವೆಸ್ಟರ್ನ್ ಮತ್ತು ರಮ್ನಿ ಕಂಪನಿಗಳು 1886ರಲ್ಲಿ ಪಶ್ಚಿಮದ ಇಳಿಜಾರಿನಲ್ಲಿ ಕ್ವೇಕರ್ಸ್ ಯಾರ್ಡಿನಿಂದ ಮರ್ಥರ್ ಪಟ್ಟಣದವರೆಗೆ ಇನ್ನೊಂದು ಮಾರ್ಗವನ್ನು ಜಂಟಿಯಾಗಿ ತೆರೆದವು. ಅಬರ್‌ವ್ಯಾನ್ ನಿಲ್ದಾಣ ಈ ಮಾರ್ಗದ್ದು. ಕಿರಿದಾದ ಕಣಿವೆಯೊಂದಕ್ಕೆ ಎರಡು ರೈಲುಮಾರ್ಗಗಳು ಬೇಕೆನಿಸಿದ್ದು ಕಲ್ಲಿದ್ದಲಿನ ಸಂಪತ್ತಿನಿಂದಲೇ.

ಆ ಸಂಪತ್ತೇ ಮಾರ್ಗಕ್ಕೆ ಮುಳುವಾಯಿತು. ಗಣಿಗಾರಿಕೆಯಿಂದ ನೆಲ ಕುಸಿದು ಮಾರ್ಗದ ಕಮಾನುಸೇತುವೆಗಳು ಶಿಥಿಲವಾದವು. ಮರದ ಊರೆಗಳನ್ನು ಕೊಟ್ಟು ಅವುಗಳನ್ನು ಕೆಲಕಾಲ ನಿಲ್ಲಿಸಲಾಯಿತು. 1951ರ ಫೆಬ್ರವರಿಯಲ್ಲಿ ರೈಲುಗಳ ಓಡಾಟ ನಿಂತಿತು. ನಿಲ್ದಾಣ ನಿರುಪಯುಕ್ತವಾಯಿತು, ಮಾರ್ಗದ ಏರಿ ಮಾತ್ರ ಊರಿನ ಮೇಲ್ಭಾಗದಲ್ಲಿ ಉಳಿಯಿತು.

ಬೆಟ್ಟದ ಮೇಲೆ ಗಣಿತ್ಯಾಜ್ಯದ ರಾಶಿಗಳು ಬೆಳೆಯುತ್ತಲೇ ಇದ್ದವು. 1958ರಲ್ಲಿ ಆರಂಭವಾದ ಏಳನೆಯ ರಾಶಿಯನ್ನು ನೀರಿನ ಒರತೆಗಳ ಮೇಲೆಯೇ ಸುರಿಯಲಾಯಿತು. ಆ ಒರತೆಗಳು ನಕ್ಷೆಗಳಲ್ಲಿ ಗುರುತಾಗಿದ್ದವು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಸುಮಾರು 9-15ಕ್ಕೆ ಅದು ಜರಿದು ಹರಿಯಿತು. ಪಾಳುಬಿದ್ದ ರೈಲುಮಾರ್ಗದ ಏರಿ ಅದನ್ನು ತಡೆಯಲಾರದೆ ಹೋಯಿತು. ಏರಿಯೊಳಗೆ ಹುದುಗಿದ್ದ ದೊಡ್ಡ ನೀರಿನ ಕೊಳವೆಗಳು ಒಡೆದು, ಆ ನೀರೂ ಕೆಸರಿಗೆ ಸೇರಿತು. ಪ್ಯಾಂಟ್‌ಗ್ಲಾಸ್ ಶಾಲೆಯೂ ನೆರೆಯ ಮನೆಗಳೂ ಹೂತುಹೋದವು. 116 ಮಕ್ಕಳು, 28 ವಯಸ್ಕರು ಮಡಿದರು.

ನೆಲದ ಕುಸಿತಕ್ಕೂ ರಾಶಿಯ ಜರಿತಕ್ಕೂ ಕಾರಣಗಳು ಬೇರೆ ಬೇರೆ. ಮೊದಲನೆಯದು ಭೂಗರ್ಭದಿಂದ ತೆಗೆದುದರ ಫಲ. ಎರಡನೆಯದು ಮೇಲೆ ತಂದು ಸುರಿದುದರ ಫಲ. ಆದರೆ ಎರಡೂ ಒಂದೇ ಉದ್ಯಮದ ಪರಿಣಾಮಗಳು. 1951ರ ವೇಳೆಗೆ ಗಣಿಗಳೂ ರೈಲ್ವೆಯೂ ರಾಷ್ಟ್ರೀಕರಣಗೊಂಡಿದ್ದವು. ಸೇತುವೆಗಳ ಅಪಾಯವನ್ನು ಗುರುತಿಸಿ ರೈಲುಗಳನ್ನು ನಿಲ್ಲಿಸಿದ ಆಡಳಿತಕ್ಕೆ ಶಾಲೆಯ ಮೇಲಿನ ಬೆಟ್ಟದ ಅಪಾಯ ಕಾಣಲಿಲ್ಲ. ಎಡ್ಮಂಡ್ ಡೇವಿಸ್ ಅವರ ನೇತೃತ್ವದ ವಿಚಾರಣಾ ಮಂಡಳಿಯು 1967ರಲ್ಲಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನೇ ಹೊಣೆಯಾಗಿಸಿತು. ಆದರೂ ಯಾವ ಅಧಿಕಾರಿಯ ಮೇಲೂ ಮೊಕದ್ದಮೆ ನಡೆಯಲಿಲ್ಲ.

ಗಣಿ 1989ರಲ್ಲಿ ಮುಚ್ಚಿತು. ನದಿಯಾಚೆಯ ಮರ್ಥರ್ ವೇಲ್ ನಿಲ್ದಾಣದಲ್ಲಿ ಇಂದಿಗೂ ರೈಲುಗಳು ನಿಲ್ಲುತ್ತವೆ. ಅಬರ್‌ವ್ಯಾನ್ ನಿಲ್ದಾಣವು ಮುಚ್ಚಿದ ನಿಲ್ದಾಣಗಳ ಪಟ್ಟಿಯಲ್ಲಿ ಒಂದು ಸಾಲಾಗಿ ಉಳಿದಿದೆ. ಆ ಸಾಲನ್ನು ವಿಚಾರಣಾ ವರದಿಯ ಜೊತೆಗಿಟ್ಟು ಓದುವವರಿಗೆ, ಗ್ರಾಮದ ಕಾಲ ಕೆಳಗಿನ ನೆಲ 1966ಕ್ಕೆ ಬಹು ಮುಂಚೆಯೇ ಅಲುಗಾಡುತ್ತಿದ್ದುದು ತಿಳಿಯುತ್ತದೆ.